ರೋಟರಿ ಹ್ಯಾಮರ್ ಡ್ರಿಲ್: ತಳ್ಳದೆ, ಕೈ ತಿರುಚಿಕೊಳ್ಳದೆ ಗೋಡೆ ಕೊರೆಯುವುದು ಹೇಗೆ

ಕಿಟಕಿಗೆ ಪರದೆ ಹಾಕೋಣ ಅಂತ ಹೊರಟವನು ನಾನು. ಮನೆಯಲ್ಲಿದ್ದ ಮಾಮೂಲಿ ಡ್ರಿಲ್ ಹಿಡಿದು ಹತ್ತು ನಿಮಿಷ ಒತ್ತಿದೆ. ತೂತು ಒಂದು ಸೆಂಟಿಮೀಟರ್ ಕೂಡ ದಾಟಲಿಲ್ಲ. ಕೊರೆಯುವ ಸಲಾಕೆಯ, ಅಂದರೆ ಬಿಟ್‌ನ, ತುದಿ ಕಾದು ನೀಲಿಯಾಯಿತು. ಆಮೇಲೆ ತಿಳಿಯಿತು, ಪರದೆಯ ರಾಡ್ ಕೂರುವ ಜಾಗದಲ್ಲಿ ಇಟ್ಟಿಗೆ ಇರುವುದೇ ಇಲ್ಲ. ಕಿಟಕಿಯ ನೆತ್ತಿಯ ಮೇಲೆ ಉದ್ದಕ್ಕೂ ಲಿಂಟಲ್ ಇರುತ್ತದೆ. ಅಂದರೆ ಕಂಬಿ ಹಾಕಿದ ಗಟ್ಟಿ ಕಾಂಕ್ರೀಟು. ನಾನು ಕೊರೆಯುತ್ತಿದ್ದದ್ದು ಅದನ್ನು.

ಮಾರನೆಯ ದಿನ ಬಾಡಿಗೆಗೆ ರೋಟರಿ ಹ್ಯಾಮರ್ ತಂದೆ. ಪಕ್ಕದ ಹಿಡಿ ಇರಲಿಲ್ಲ. ಅಂಗಡಿಯವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಸ್ಟೂಲ್ ಹತ್ತಿ, ಎಡಗೈಯಲ್ಲಿ ಗೋಡೆಗೆ ಆತುಕೊಂಡು, ಬಲಗೈ ಒಂದರಲ್ಲೇ ಮಿಷನ್ ಹಿಡಿದು ಒತ್ತಿದೆ. ಬೆಣ್ಣೆಗೆ ಚಾಕು ಹಾಕಿದ ಹಾಗೆ ಒಳಗೆ ಹೋಯಿತು. ಖುಷಿಯಾಗಿ ಇನ್ನೂ ಜಾಸ್ತಿ ಒತ್ತಿದೆ. ಒಳಗೆ ಬಿಟ್ ಕಂಬಿಗೆ ಸಿಕ್ಕಿಕೊಂಡಿತು. ಬಿಟ್ ನಿಂತಿತು, ಮೋಟಾರ್ ನಿಲ್ಲಲಿಲ್ಲ. ಮಿಷನ್ನಿನ ಮೈಯೇ ತಿರುಗಿತು, ಅದರ ಜೊತೆ ನನ್ನ ಮಣಿಕಟ್ಟೂ ತಿರುಗಿತು. ಮೂರು ವಾರ ಚೊಂಬು ಎತ್ತುವುದೂ ಕಷ್ಟವಾಗಿತ್ತು.

ಆಮೇಲೆ ಕೆಲಸಕ್ಕೆ ಬಂದ ಗಾರೆ ಮೇಸ್ತ್ರಿ ಕಥೆ ಕೇಳಿ ನಕ್ಕರು. "ಸಾರ್, ನೀವು ಗೋಡೆ ಜೊತೆ ಕುಸ್ತಿ ಆಡಿದ್ದೀರ. ಹೊಡೆಯೋದು ಮಿಷನ್ ಕೆಲಸ. ನೀವು ಸುಮ್ನೆ ಹಿಡ್ಕೊಂಡಿದ್ರೆ ಸಾಕಿತ್ತು" ಅಂದರು. ಈ ಬರಹದಲ್ಲಿ ನಾನು ಹೇಳಬೇಕಿರುವ ಮುಖ್ಯ ಮಾತು ಅದೇ. ಯಾಕೆ ತಳ್ಳಬಾರದು, ಎಲ್ಲಿ ಕೊರೆಯಬಾರದು, ಹೇಗೆ ಹಿಡಿಯಬೇಕು ಅನ್ನುವುದನ್ನು ಕೆಲಸದ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಮಿಷನ್ ಒಳಗೆ ಏನು ನಡೆಯುತ್ತದೆ

ಅಂಗಡಿಯಲ್ಲಿ "ಹ್ಯಾಮರ್ ಡ್ರಿಲ್" ಅಂತ ಕೇಳಿದರೆ ಎರಡು ಬೇರೆ ಬೇರೆ ಯಂತ್ರಗಳಲ್ಲಿ ಯಾವುದನ್ನು ಬೇಕಾದರೂ ಕೊಡಬಹುದು. ಒಂದು ಇಂಪ್ಯಾಕ್ಟ್ ಡ್ರಿಲ್. ಇದರೊಳಗೆ ಹಲ್ಲಿರುವ ಎರಡು ಚಕ್ರಗಳು ಒಂದರ ಮೇಲೊಂದು ಕಟಕಟ ಅಂತ ಜಾರುತ್ತವೆ. ನಿಮಿಷಕ್ಕೆ 40 ಸಾವಿರಕ್ಕೂ ಮೇಲೆ ಪೆಟ್ಟು, ಆದರೆ ಒಂದೊಂದೂ ಚಿಟಿಕೆ ಹೊಡೆದಷ್ಟೇ. ಪೆಟ್ಟು ಬೀಳಬೇಕಾದರೆ ನೀವು ಮೈಭಾರ ಹಾಕಿ ಒತ್ತಲೇಬೇಕು.

ಇನ್ನೊಂದು ರೋಟರಿ ಹ್ಯಾಮರ್. ಇದರೊಳಗೆ ಒಂದು ಕೊಳವೆ, ಅದರಲ್ಲಿ ಒಂದು ಪಿಸ್ಟನ್. ಮೋಟಾರು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತದೆ. ಪಿಸ್ಟನ್ನಿನ ಮುಂದೆ ಸಿಕ್ಕಿಬಿದ್ದ ಗಾಳಿ ಒತ್ತಿಕೊಂಡು, ಒಂದು ಉಕ್ಕಿನ ಗುಂಡನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಆ ಗುಂಡು ಬಿಟ್‌ನ ಹಿಂಬದಿಗೆ ಬಡಿಯುತ್ತದೆ. ಪೆಟ್ಟು ನಿಮಿಷಕ್ಕೆ ಸುಮಾರು 4 ಸಾವಿರ ಅಷ್ಟೇ, ಆದರೆ ಒಂದೊಂದೂ ನಿಜವಾದ ಪೆಟ್ಟು. ಮನೆಗೆ ಸಾಮಾನ್ಯವಾಗಿ ತರುವ 26 ಮಿ.ಮೀ., 800 ವ್ಯಾಟ್ ಮಿಷನ್ನಿನ ಪೆಟ್ಟು 2.7 ಜೌಲ್ ಆಸುಪಾಸು. ಒಂದು ಕೆಜಿ ಸುತ್ತಿಗೆ ಒಂದಡಿಗಿಂತ ತುಸು ಕಡಿಮೆ ಎತ್ತರದಿಂದ ಬಿದ್ದಷ್ಟು.

ಗಾಳಿಯೇ ಪೆಟ್ಟು ಕೊಡುವುದರಿಂದ ನಿಮ್ಮ ಒತ್ತಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿಟ್ ಗೋಡೆಗೆ ತಾಗಿ ನಿಂತಿದ್ದರೆ ಸಾಕು. ಜಾಸ್ತಿ ಒತ್ತಿದರೆ ಪೆಟ್ಟು ಹೆಚ್ಚುವುದಿಲ್ಲ, ಬಿಟ್ ಬಿಸಿಯಾಗುತ್ತದೆ, ಅದುರುವಿಕೆ ಕೈಗೆ ಹತ್ತುತ್ತದೆ. ಬಿಟ್ ಎಲ್ಲಾದರೂ ಸಿಕ್ಕಿಕೊಂಡಾಗ ಮೈಭಾರವೆಲ್ಲ ತಪ್ಪು ಕಡೆ ಇರುತ್ತದೆ.

ಎರಡನ್ನೂ ಗುರುತು ಹಿಡಿಯುವುದು ಸುಲಭ. ಮೂತಿಯಲ್ಲಿ ಬಿಟ್ಟನ್ನು ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ ಇದ್ದರೆ ಇಂಪ್ಯಾಕ್ಟ್ ಡ್ರಿಲ್. ರಬ್ಬರ್ ಟೋಪಿ ಹಾಕಿದ, ಹಿಂದಕ್ಕೆ ಎಳೆದು ಬಿಡುವ ಮೂತಿ ಇದ್ದರೆ ರೋಟರಿ ಹ್ಯಾಮರ್. ಈ ಮೂತಿಗೆ ಎಸ್‌ಡಿಎಸ್ ಅನ್ನುತ್ತಾರೆ. ಬಾಷ್ ಮತ್ತು ಹಿಲ್ಟಿ ಸೇರಿ 1975ರಲ್ಲಿ ತಂದದ್ದು. ಎಸ್‌ಡಿಎಸ್ ಪ್ಲಸ್ ಬಿಟ್‌ನ ಬಾಲ 10 ಮಿ.ಮೀ. ದಪ್ಪ, ಅದರಲ್ಲಿ ನಾಲ್ಕು ಕಾಲುವೆಗಳು. ಮನೆ ಕೆಲಸಕ್ಕೆ ಇದೇ. ಒಡೆಯುವ ದೊಡ್ಡ ಮಿಷನ್ನುಗಳಿಗೆ ಎಸ್‌ಡಿಎಸ್ ಮ್ಯಾಕ್ಸ್, ಬಾಲ 18 ಮಿ.ಮೀ. ಇದರ ಬಿಟ್ ಅದಕ್ಕೆ ಕೂರುವುದಿಲ್ಲ.

ಬಾಡಿಗೆಗೆ ತರುವಾಗ ಅಂಗಡಿಯಲ್ಲೇ ನೋಡಿ

ವರ್ಷಕ್ಕೆ ಎರಡು ಸಲ ಬೇಕಾಗುವ ಯಂತ್ರಕ್ಕೆ ದುಡ್ಡು ಸುರಿಯುವುದಕ್ಕಿಂತ ಬಾಡಿಗೆಗೆ ತರುವುದೇ ವಾಸಿ. ಆದರೆ ಬಾಡಿಗೆ ಮಿಷನ್ ಹತ್ತು ಕೈ ದಾಟಿ ಬಂದಿರುತ್ತದೆ. ಅಲ್ಲೇ ಐದು ನಿಮಿಷ ಕೊಡಿ.

ಪಕ್ಕದ ಹಿಡಿ ಇದೆಯಾ? ಇಲ್ಲದಿದ್ದರೆ ಆ ಮಿಷನ್ ಬೇಡ. "ಅದು ಯಾರೂ ಹಾಕಲ್ಲ ಸಾರ್" ಅನ್ನುತ್ತಾರೆ, ಬಗ್ಗಬೇಡಿ. ವೈರನ್ನು ಪ್ಲಗ್‌ನಿಂದ ಮಿಷನ್‌ವರೆಗೆ ಬೆರಳಲ್ಲಿ ಸವರಿಕೊಂಡು ಹೋಗಿ. ಟೇಪ್ ಸುತ್ತಿದ ಜಾಗ ಸಿಕ್ಕಿದರೆ ಬೇರೆಯದು ಕೇಳಿ. ಪ್ಲಗ್‌ಗೆ ಎರಡೇ ಪಿನ್ ಇದ್ದರೆ ಗಾಬರಿ ಬೇಡ. ಮೈಮೇಲಿನ ಪಟ್ಟಿಯಲ್ಲಿ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ ಇರುವ ಮಿಷನ್, ಅದಕ್ಕೆ ಅರ್ಥ್ ಪಿನ್ ಬೇಕಿಲ್ಲ. ಪ್ಲಗ್ಗೇ ಇಲ್ಲದೆ ಬರಿ ವೈರ್ ತುದಿ ಸುಲಿದು ಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಡಿ.

ಒಂದು ಸಲ ಆನ್ ಮಾಡಿಸಿ. ಸ್ವಿಚ್ಚು ಬಿಟ್ಟ ತಕ್ಷಣ ನಿಲ್ಲಬೇಕು. ಗಾಳಿ ಕಿಂಡಿಯೊಳಗೆ ಸಣ್ಣ ಕಿಡಿ ಕಾಣುವುದು ಮಾಮೂಲು. ಕಿಡಿ ಸುತ್ತಲೂ ಹಬ್ಬಿ ಸುಟ್ಟ ವಾಸನೆ ಬಂದರೆ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಇನ್ನು ಬಿಟ್‌ಗಳನ್ನು ಬಾಡಿಗೆಗೆ ತರಬೇಡಿ, ಹೊಸದನ್ನೇ ಕೊಳ್ಳಿ. ಬಿಟ್ ತುದಿಯಲ್ಲಿ ಬೆಸೆದ ಕಾರ್ಬೈಡ್ ಅನ್ನುವ ಬಲು ಗಟ್ಟಿ ತುಂಡು ಅದರ ಮೈಗಿಂತ ಕೂದಲೆಳೆಯಷ್ಟು ಅಗಲ ಇರಬೇಕು, ಅಂಚು ಚೂಪಾಗಿರಬೇಕು. ಸವೆದ ಬಿಟ್ ಕೊರೆದ ತೂತು ಕಿರಿದಾಗಿ, ಸ್ಕ್ರೂ ಕೂರಲು ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಹೋಗುವುದಿಲ್ಲ, ಬಿಟ್ಟೂ ಬೇಗ ಸಿಕ್ಕಿಕೊಳ್ಳುತ್ತದೆ. 6, 8, 10 ಮಿ.ಮೀ. ಒಂದೊಂದಿದ್ದರೆ ಮನೆಯ ಬಹುಪಾಲು ಕೆಲಸ ಮುಗಿಯುತ್ತದೆ.

ಮೈಮೇಲೆ ಏನಿರಬೇಕು

ಕನ್ನಡಕ ಮೊದಲು. ಓದುವ ಕನ್ನಡಕ ಲೆಕ್ಕಕ್ಕಿಲ್ಲ, ಪಕ್ಕವೂ ಮುಚ್ಚುವ ಸೇಫ್ಟಿ ಗಾಗಲ್ಸ್ ಬೇಕು. ತಲೆಯ ಮೇಲೆ ಕೊರೆಯುವಾಗ ಅಂತೂ ಇದಿಲ್ಲದೆ ಶುರು ಮಾಡಲೇಬೇಡಿ.

ಎರಡನೆಯದು ಮಾಸ್ಕ್. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಕಾಂಕ್ರೀಟು, ಇಟ್ಟಿಗೆ, ಗ್ರಾನೈಟ್ ಎಲ್ಲದರಲ್ಲೂ ಮರಳಿನ ಅಂಶ ಸಿಲಿಕಾ ಇದೆ. ಕೊರೆದಾಗ ಅದು ಕಣ್ಣಿಗೆ ಕಾಣದಷ್ಟು ನುಣ್ಣಗಾಗಿ ಬಟ್ಟೆಯ ಎಳೆಗಳ ನಡುವೆ ನುಸುಳಿ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್ ಇದರಿಂದಲೇ. ಆ ಕಾಯಿಲೆ ವಾಸಿಯಾಗುವಂಥದ್ದಲ್ಲ. ಎರಡು ತೂತಿನಿಂದ ಯಾರಿಗೂ ಅದು ಬರುವುದಿಲ್ಲ, ನಿಜ. ಆದರೆ ಎನ್-95 ಮಾಸ್ಕ್ ಈಗ ಪ್ರತಿ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿಕೊಳ್ಳಲು ಏನು ಧಾಡಿ?

ಕಿವಿಗೆ ಇಯರ್ ಪ್ಲಗ್ ಅಥವಾ ಮಫ್. ಮುಚ್ಚಿದ ಕೋಣೆಯಲ್ಲಿ ಈ ಮಿಷನ್ನಿನ ಸದ್ದು 90 ಡೆಸಿಬಲ್ ದಾಟುತ್ತದೆ. ಕಾಲಿಗೆ ಶೂ, ಹವಾಯಿ ಚಪ್ಪಲಿ ಬೇಡ. ಪಂಚೆ, ಲುಂಗಿ, ಇಳಿಬಿಟ್ಟ ವೇಲು, ಸೆರಗು, ಬಿಚ್ಚಿದ ಕೂದಲು, ಕೈಗೆ ಕಟ್ಟಿದ ಉದ್ದನೆಯ ದಾರ ಇವೆಲ್ಲ ತಿರುಗುವ ಬಿಟ್‌ಗೆ ಸುತ್ತಿಕೊಳ್ಳುತ್ತವೆ. ಸಡಿಲವಾದ ಬಟ್ಟೆ ಗ್ಲೌಸ್ ಕೂಡ ಅದೇ ಜಾತಿ. ಹಾಕುವುದಾದರೆ ಕೈಗೆ ಬಿಗಿಯಾಗಿ ಕೂರುವ, ಅಂಗೈಗೆ ರಬ್ಬರ್ ಇರುವ ಗ್ಲೌಸ್ ಹಾಕಿ.

ಗೋಡೆಯನ್ನು ಓದುವುದು

ನನ್ನ ಪ್ರಕಾರ ಈ ಕೆಲಸದಲ್ಲಿ ಅರ್ಧದಷ್ಟು ಇಲ್ಲೇ ಇದೆ. ಮಿಷನ್ ಆನ್ ಮಾಡುವ ಮೊದಲು ಗೋಡೆಯೊಳಗೆ ಏನಿದೆ ಅಂತ ತಿಳಿದುಕೊಳ್ಳಿ.

ವೈರಿನಿಂದ ಶುರು ಮಾಡೋಣ. ನಮ್ಮ ಮನೆಗಳಲ್ಲಿ ವೈರ್ ಪೈಪು ಗಿಲಾವಿನ ಹಿಂದೆ ಹುದುಗಿರುತ್ತದೆ. ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಇಲ್ಲವೇ ನೇರ ಕೆಳಕ್ಕೆ ಹೋಗುವುದು ರೂಢಿ. ಹಾಗಾಗಿ ಪ್ರತಿ ಬೋರ್ಡು, ಪ್ರತಿ ಲೈಟ್ ಪಾಯಿಂಟಿನ ಮೇಲೆ ಕೆಳಗೆ, ಎಡಕ್ಕೂ ಬಲಕ್ಕೂ ಅರ್ಧ ಅಡಿ ಜಾಗ ಬಿಟ್ಟುಬಿಡಿ. ಗೋಡೆಯ ಮೇಲ್ತುದಿಯಲ್ಲಿ ದುಂಡನೆಯ ಜಂಕ್ಷನ್ ಬಾಕ್ಸ್ ಮುಚ್ಚಳಗಳಿದ್ದರೆ ಅವುಗಳ ನಡುವಿನ ಅಡ್ಡಗೆರೆಯನ್ನೂ ಬಿಡಿ. ಆದರೆ ಇದು ರೂಢಿ ಮಾತ್ರ, ಗ್ಯಾರಂಟಿ ಅಲ್ಲ. ಹತ್ತಡಿ ಪೈಪ್ ಉಳಿಸಲು ಓರೆಯಾಗಿ ಎಳೆದವರನ್ನೂ ನೋಡಿದ್ದೇನೆ. ಅದಕ್ಕೆ ಒಂದು ಉಪಾಯ ಇದೆ. ಕೊರೆಯುವ ಕೋಣೆಯ ಎಂಸಿಬಿ ಆಫ್ ಮಾಡಿ. ಆ ಗೋಡೆಯ ಸಾಕೆಟ್‌ಗೆ ಟೆಸ್ಟರ್ ಇಟ್ಟು ಕರೆಂಟ್ ಹೋಗಿದೆಯಾ ನೋಡಿ. ಗೋಡೆಯ ಆಚೆ ಇನ್ನೊಂದು ಕೋಣೆ ಇದ್ದರೆ ಅದರದ್ದೂ ಆಫ್ ಆಗಬೇಕು, ಅದರ ವೈರು ಇದೇ ಗೋಡೆಯಲ್ಲಿರಬಹುದು. ಮಿಷನ್ನಿಗೆ ಬೇರೆ ಸರ್ಕ್ಯೂಟಿನಿಂದ, ದೂರದ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳಿ. ಗೋಡೆಯೊಳಗಿನ ಕರೆಂಟ್ ಪತ್ತೆ ಮಾಡುವ ಡಿಟೆಕ್ಟರುಗಳೂ ಸಿಗುತ್ತವೆ, ಒಳ್ಳೆಯದೇ. ಆದರೆ ಅದು ಸದ್ದು ಮಾಡಲಿಲ್ಲ ಅಂದ ಮಾತ್ರಕ್ಕೆ ವೈರ್ ಇಲ್ಲ ಅಂತಲ್ಲ.

ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ, ಟಪ್ ಅಂತ ಬೀಳಬೇಕು. ಮಿಷನ್ನಿನ 800 ವ್ಯಾಟ್‌ಗೆ ಬೇಕಿರುವುದು ಮೂರೂವರೆ ಆಂಪಿಯರ್ ಮಾತ್ರ, 6 ಆಂಪಿಯರ್ ಸಾಕೆಟ್ ಸಾಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿಡಿ, ಸುತ್ತಿದ ವೈರ್ ಕಾಯುತ್ತದೆ.

ಆಮೇಲೆ ನೀರು. ಬಾತ್‌ರೂಮಿನಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಎಡವುವುದು ಬೆಡ್‌ರೂಮಿನಲ್ಲಿ. ಮಂಚದ ತಲೆಯ ಕಡೆಯ ಗೋಡೆಯ ಆಚೆ ಗೀಸರ್ ಇದೆ ಅನ್ನುವುದು ನೆನಪಿರುವುದಿಲ್ಲ. ಕೊರೆಯುವ ಮುಂಚೆ ಆ ಗೋಡೆಯ ಆಚೆ ಬದಿಗೆ ಹೋಗಿ ನೋಡಿ ಬನ್ನಿ. ನಲ್ಲಿ, ಶವರ್, ಗೀಸರ್ ಎಲ್ಲಿವೆ, ಅವಕ್ಕೆ ಪೈಪ್ ಯಾವ ಗೆರೆಯಲ್ಲಿ ಬಂದಿರಬಹುದು ಅಂತ ಲೆಕ್ಕ ಹಾಕಿ. ನೀರಿನ ಮೇನ್ ವಾಲ್ವ್ ಎಲ್ಲಿದೆ ಅನ್ನುವುದು ಮೊದಲೇ ಗೊತ್ತಿರಲಿ. ನೀರು ಚಿಮ್ಮಿದ ಮೇಲೆ ಹುಡುಕುವ ವಸ್ತು ಅಲ್ಲ ಅದು.

ಮೂರನೆಯದು ಗೋಡೆಯ ಜಾತಿ. ಮೂಲೆಯಲ್ಲಿ ಸಣ್ಣದೊಂದು ತೂತು ಕೊರೆದು ಪುಡಿಯ ಬಣ್ಣ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣ ಬಂದು ಬಿಟ್ ಸಲೀಸಾಗಿ ಹೋದರೆ ಸಿಮೆಂಟ್ ಬ್ಲಾಕ್. ಬೂದು ಬಣ್ಣ, ಆದರೆ ಒಂದೊಂದು ಮಿಲಿಮೀಟರಿಗೂ ಸತಾಯಿಸಿದರೆ ಕಾಂಕ್ರೀಟು. ಬಿಳಿ ಹಿಟ್ಟಿನಂಥ ಪುಡಿ ಉದುರಿದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್. ಈ ಎಎಸಿಗೆ ಹ್ಯಾಮರ್ ಹಾಕಲೇಬಾರದು. ಬರಿ ಡ್ರಿಲ್ ಮೋಡ್‌ನಲ್ಲಿ ಕೊರೆದು ಅದಕ್ಕಂತಲೇ ಇರುವ ಪ್ಲಗ್ ಹಾಕಬೇಕು. ಹ್ಯಾಮರ್ ಹಾಕಿದರೆ ಎಂಟರ ತೂತು ಹನ್ನೆರಡಾಗುತ್ತದೆ. ಹಾಲೋ ಬ್ಲಾಕ್‌ಗೂ ಅದೇ ಮಾತು, ಒಳಗಿನ ತೆಳು ಗೋಡೆ ಪುಡಿಯಾಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆ ಮೆತ್ತಗೆ, ಅಲ್ಲಿ ಹ್ಯಾಮರ್ ಇಲ್ಲದೆ ಶುರು ಮಾಡಿ ನೋಡಿ. ಗ್ರಾನೈಟಿನ ಸೈಜುಗಲ್ಲು ಇದಕ್ಕೆ ತದ್ವಿರುದ್ಧ, ಅರ್ಧ ನಿಮಿಷ ಕೊರೆದು ಒಂದು ನಿಮಿಷ ಬಿಟ್ ತಣ್ಣಗಾಗಲು ಬಿಡಬೇಕು. ಹಳೆಯ ಮಣ್ಣಿನ ಗೋಡೆಗೆ ಈ ಮಿಷನ್ ತರಲೇಬೇಡಿ. ಅಜ್ಜಂದಿರು ಗೋಡೆ ಕಟ್ಟುವಾಗಲೇ ಮರದ ಗೂಟ ಇಟ್ಟುಬಿಡುತ್ತಿದ್ದರು, ಜಾಣರು.

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮೈವಾನ್ ಪದ್ಧತಿಯ ಗೋಡೆಗಳಿವೆ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಇಡೀ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತಾರೆ, ವೈರ್ ಪೈಪೂ ಅದರೊಳಗೇ ಇರುತ್ತದೆ. ಅಲ್ಲಿ ಯಾವ ಗೋಡೆಗಾದರೂ ರೋಟರಿ ಹ್ಯಾಮರ್ ಬೇಕು, ಯಾವ ಗೋಡೆಯಲ್ಲಾದರೂ ಕಂಬಿ ಸಿಗಬಹುದು. ವೈರಿಂಗ್ ನಕ್ಷೆಯನ್ನು ಅಸೋಸಿಯೇಷನ್ ಆಫೀಸಿನಲ್ಲಿ ಕೇಳಿ. ಕೇಳುವಾಗಲೇ ಚಾವಣಿ ಪೋಸ್ಟ್ ಟೆನ್ಷನ್ ಮಾಡಿದ್ದಾ ಅಂತಲೂ ಕೇಳಿ. ಹೌದು ಅಂದರೆ ಅದರೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳಿವೆ. ಅಂಥ ಚಾವಣಿಗೆ ಎಂಜಿನಿಯರ್ ಹೇಳದೆ ಒಂದು ತೂತೂ ಬೇಡ.

ಕಂಬ ಮತ್ತು ತೊಲೆಗಳನ್ನು ನಾನು ಮುಟ್ಟುವುದಿಲ್ಲ. ಕಂಬದಲ್ಲಿ ಕಂಬಿಯ ಮೇಲೆ ಸಾಮಾನ್ಯವಾಗಿ 40 ಮಿ.ಮೀ. ಕಾಂಕ್ರೀಟು ಇರುತ್ತದೆ, ಚಾವಣಿಯಲ್ಲಿ ಬರಿ 20 ಮಿ.ಮೀ. ಫೋಟೋ ನೇತು ಹಾಕುವ ಪುಟ್ಟ ತೂತಿನಿಂದ ಮನೆ ಬೀಳುವುದಿಲ್ಲ. ಆದರೂ ಪಕ್ಕದಲ್ಲಿ ಇಟ್ಟಿಗೆ ಗೋಡೆ ಇರುವಾಗ ಕಂಬಕ್ಕೆ ಯಾಕೆ ಹೊಡೆಯಬೇಕು?

ಬಿಟ್ ಹಾಕುವುದು, ಮೋಡ್ ಹಾಕುವುದು

ಪ್ಲಗ್ ಕಿತ್ತಿಟ್ಟೇ ಈ ಕೆಲಸ ಮಾಡಿ. ಬಿಟ್‌ನ ಬಾಲವನ್ನು ಬಟ್ಟೆಯಲ್ಲಿ ಒರೆಸಿ, ಕಡಲೆಕಾಳಿನಷ್ಟು ಗ್ರೀಸ್ ಸವರಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಆಮೇಲೆ ಮೂತಿ ಸವೆದು ಬಿಟ್ ಅಲ್ಲಾಡುತ್ತದೆ. ಬಾಲವನ್ನು ಮೂತಿಗೆ ತೂರಿಸಿ, ಕೊಂಚ ತಿರುಗಿಸುತ್ತಾ ಒತ್ತಿ. ಕ್ಲಿಕ್ ಅಂದ ಮೇಲೆ ಎಳೆದು ನೋಡಿ, ಕೈಗೆ ಬರಬಾರದು. ಆದರೆ ಬಿಟ್ ಹಿಂದೆ ಮುಂದೆ ಒಂದು ಸೆಂಟಿಮೀಟರಿನಷ್ಟು ಆಡುತ್ತದೆ. ಸಡಿಲ ಇದೆ ಅಂತ ಹೆದರಬೇಡಿ, ಪೆಟ್ಟು ತಿನ್ನಲು ಆ ಜಾಗ ಬೇಕು.

ಪಕ್ಕದ ಗುಂಡಿಯಲ್ಲಿ ಮೂರು ಚಿತ್ರ ಇರುತ್ತವೆ. ಡ್ರಿಲ್ ಮಾತ್ರ ಇದ್ದರೆ ಬರಿ ತಿರುಗುವುದು: ಮರ, ಕಬ್ಬಿಣ, ಟೈಲ್ಸ್, ಎಎಸಿ. ಡ್ರಿಲ್ ಮತ್ತು ಸುತ್ತಿಗೆ ಎರಡೂ ಇದ್ದರೆ ತಿರುಗುತ್ತಾ ಹೊಡೆಯುವುದು: ಕಾಂಕ್ರೀಟು, ಕಲ್ಲು, ಗಟ್ಟಿ ಇಟ್ಟಿಗೆ. ಸುತ್ತಿಗೆ ಮಾತ್ರ ಇದ್ದರೆ ಬರಿ ಹೊಡೆಯುವುದು: ಉಳಿ ಹಾಕಿ ಒಡೆಯಲು. ಮಿಷನ್ ಪೂರ್ತಿ ನಿಂತ ಮೇಲೆಯೇ ಗುಂಡಿ ತಿರುಗಿಸಿ. ಇಲ್ಲದಿದ್ದರೆ ಒಳಗಿನ ಹಲ್ಲು ಮುರಿಯುತ್ತದೆ. ಎಡ ಬಲ ತಿರುಗಿಸುವ ಸ್ವಿಚ್ ಬೇರೆ ಇರುತ್ತದೆ, ಅದು ಮುಂದಕ್ಕೇ ಇದೆಯಾ ನೋಡಿಕೊಳ್ಳಿ.

ಈಗ ಪಕ್ಕದ ಹಿಡಿ. ಹಿಡಿಯನ್ನೇ ತಿರುಗಿಸಿದರೆ ಸಡಿಲವಾಗುತ್ತದೆ, ಬೇಕಾದ ಕೋನಕ್ಕೆ ತಂದು ಬಿಗಿ ಮಾಡಿ. ಬಲಗೈಯವರಾದರೆ ಎಡಕ್ಕೆ ಅಡ್ಡಲಾಗಿ ಬರಲಿ. ಕಾರಣ ಇದೆ. ನಿಮ್ಮ ಕಡೆಯಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಬಿಟ್ ಸಿಕ್ಕಿಕೊಂಡರೆ ಮಿಷನ್ನಿನ ಮೈ ಅದರ ಉಲ್ಟಾ ತಿರುಗುತ್ತದೆ, ಎಡಬದಿ ಕೆಳಕ್ಕೆ ಹೋಗುತ್ತದೆ. ಚಾಚಿದ ಎಡಗೈ ಅದನ್ನು ತಡೆಯುತ್ತದೆ. ಒಳಗೆ ಜಾರುವ ಕ್ಲಚ್ ಇರುತ್ತದೆ, ಬಿಟ್ ನಿಂತಾಗ ಕಟಕಟ ಅಂತ ಜಾರಿ ಮೋಟಾರನ್ನು ಬಿಡಿಸುತ್ತದೆ. ಆದರೆ ಜಾರುವ ಮುಂಚೆ ಒಂದು ಝಟಕಾ ಬಂದೇ ಬರುತ್ತದೆ. ನನ್ನ ಮಣಿಕಟ್ಟು ಹೋದದ್ದು ಆ ಝಟಕಾದಲ್ಲಿ.

ಹಿಡಿಯಿಂದ ಚಾಚಿಕೊಂಡಿರುವ ಕಡ್ಡಿ ಆಳ ಅಳೆಯಲು. ಬಿಟ್‌ನ ತುದಿಗೂ ಕಡ್ಡಿಯ ತುದಿಗೂ ನಡುವೆ ಎಷ್ಟು ಅಂತರವೋ ಅಷ್ಟೇ ಆಳಕ್ಕೆ ತೂತು. ಪ್ಲಗ್‌ನ ಉದ್ದಕ್ಕೆ 5ರಿಂದ 10 ಮಿ.ಮೀ. ಸೇರಿಸಿ. ಗಿಲಾವು 12ರಿಂದ 15 ಮಿ.ಮೀ. ಇರುತ್ತದೆ ಅನ್ನುವುದು ನೆನಪಿರಲಿ. ಪ್ಲಗ್ ಗಿಲಾವಿನಲ್ಲೇ ಕೂತರೆ ಷೆಲ್ಫ್ ಒಂದು ದಿನ ಪಾತ್ರೆ ಸಮೇತ ಕೆಳಗೆ ಬರುತ್ತದೆ. ಹಾಗಂತ ನಾಲ್ಕಿಂಚಿನ ಗೋಡೆಗೆ ಉದ್ದನೆಯ ಬಿಟ್ ಪೂರ್ತಿ ಇಳಿಸಿದರೆ ಪಕ್ಕದ ಮನೆಯವರ ಟಿವಿ ಕಾಣುತ್ತದೆ. ಕಡ್ಡಿ ಇಲ್ಲದಿದ್ದರೆ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಕೊರೆಯುವುದು

1. ನಿಲ್ಲುವ ಜಾಗ ಸರಿ ಮಾಡಿಕೊಳ್ಳಿ. ತೂತು ಎದೆಯ ಮಟ್ಟದಲ್ಲಿ ಬರಬೇಕು. ಎತ್ತರದ ಕೆಲಸಕ್ಕೆ ನಾಲ್ಕು ಕಾಲಿನ ಏಣಿ, ಕೆಳಗೆ ಹಿಡಿದುಕೊಳ್ಳಲು ಒಬ್ಬರು. ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ಸ್ಟೂಲ್ ಇಂಥ ಸರ್ಕಸ್ ಬೇಡ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಲ್ಲಿ. ಏಣಿಯ ಮೇಲಾದರೆ ಎರಡೂ ಕಾಲು ಒಂದೇ ಮೆಟ್ಟಿಲ ಮೇಲೆ, ಮೊಣಕಾಲು ಏಣಿಗೆ ತಾಗಿರಲಿ.

2. ಗುರುತು ಹಾಕಿ. ಗೆರೆಯಲ್ಲ, ಅಡ್ಡ ಉದ್ದದ ಪ್ಲಸ್ ಗುರುತು. ಮಧ್ಯಕ್ಕೆ ಮೊಳೆ ಇಟ್ಟು ಒಂದು ಪೆಟ್ಟು ಹಾಕಿದರೆ ಸಣ್ಣ ಗುಳಿ ಬೀಳುತ್ತದೆ, ಬಿಟ್ ಜಾರುವುದಿಲ್ಲ. ಗುರುತಿನ ಕೆಳಗೆ ಕಾಗದ ಮಡಚಿ ಬುಟ್ಟಿಯ ಹಾಗೆ ಅಂಟಿಸಿ, ಪುಡಿ ಅದರಲ್ಲಿ ಬೀಳಲಿ.

3. ಬಿಟ್ಟನ್ನು ಗುಳಿಯಲ್ಲಿ ಇಟ್ಟು, ಆಮೇಲೆ ಸ್ವಿಚ್ ಒತ್ತಿ. ತಿರುಗುವ ಬಿಟ್ಟನ್ನು ತಂದು ಗೋಡೆಗೆ ತಾಗಿಸಬೇಡಿ, ಗುರುತಿನಿಂದ ಹಾರಿ ಗೋಡೆಯುದ್ದಕ್ಕೂ ಗೀಚುತ್ತದೆ. ಸ್ವಿಚ್ಚನ್ನು ಕಾಲುಭಾಗ ಮಾತ್ರ ಒತ್ತಿ, ಮೊದಲ ಅರ್ಧ ಸೆಂಟಿಮೀಟರ್ ನಿಧಾನವಾಗಿ ಹೋಗಲಿ.

4. ಬಿಟ್ ದಾರಿ ಹಿಡಿದ ಮೇಲೆ ಪೂರ್ತಿ ಒತ್ತಿ. ಈಗ ಮೇಸ್ತ್ರಿಯ ಮಾತು ನೆನಪಿಸಿಕೊಳ್ಳಿ, ತಳ್ಳಬೇಡಿ. ಮಿಷನ್ ವಾಪಸ್ ಜಿಗಿಯದಷ್ಟು ಒತ್ತಾಸೆ ಸಾಕು. ಒತ್ತಡ ಸರಿಯಿದ್ದರೆ ಸದ್ದು ಒಂದೇ ಲಯದಲ್ಲಿ ದಡದಡ ಅಂತ ಬರುತ್ತದೆ. ಜಾಸ್ತಿಯಾದರೆ ಮೋಟಾರು ನರಳುತ್ತದೆ. ಕಡಿಮೆಯಾದರೆ ಮೂತಿ ಕುಣಿಯುತ್ತದೆ. ಹತ್ತು ತೂತಿನೊಳಗೆ ಕಿವಿಗೆ ಅಭ್ಯಾಸವಾಗುತ್ತದೆ.

5. ಪ್ರತಿ ಎರಡು ಸೆಂಟಿಮೀಟರಿಗೆ ಒಂದು ಸಲ, ತಿರುಗುತ್ತಿರುವಾಗಲೇ ಬಿಟ್ಟನ್ನು ಹೊರಗೆ ಎಳೆದು ಮತ್ತೆ ಒಳಗೆ ಬಿಡಿ. ಪುಡಿ ಹೊರಗೆ ಬರುತ್ತದೆ. ಪುಡಿ ಒಳಗೇ ತುಂಬಿಕೊಳ್ಳುವುದೇ ಬಿಟ್ ಸಿಕ್ಕಿಕೊಳ್ಳುವುದಕ್ಕೆ ದೊಡ್ಡ ಕಾರಣ.

6. ಆಳ ಮುಟ್ಟಿದಾಗ ತಿರುಗಿಸುತ್ತಲೇ ಹೊರಗೆ ತೆಗೆದು, ಆಮೇಲೆ ಸ್ವಿಚ್ ಬಿಡಿ. ಬಿಟ್ ಪೂರ್ತಿ ನಿಲ್ಲುವವರೆಗೆ ಮಿಷನ್ ಕೆಳಗೆ ಇಡಬೇಡಿ.

ಹಿಡಿಯ ಬಳಿ ಸ್ವಿಚ್ಚನ್ನು ಒತ್ತಿದಂತೆಯೇ ನಿಲ್ಲಿಸುವ ಸಣ್ಣ ಲಾಕ್ ಗುಂಡಿ ಇರಬಹುದು. ಕೊರೆಯುವಾಗ ಅದನ್ನು ಮುಟ್ಟಬೇಡಿ. ಕೈ ಬಿಟ್ಟ ತಕ್ಷಣ ಮಿಷನ್ ನಿಲ್ಲಬೇಕು ಅನ್ನುವುದೇ ನಿಮಗಿರುವ ಕೊನೆಯ ರಕ್ಷಣೆ.

ಕಂಬಿ ಸಿಕ್ಕಿದರೆ, ಬಿಟ್ ಸಿಕ್ಕಿಕೊಂಡರೆ

ಕಂಬಿಗೆ ತಾಗಿದ್ದು ಕಿವಿಗೆ ಗೊತ್ತಾಗುತ್ತದೆ. ದಡದಡ ಹೋಗಿ ಟಣ್ ಟಣ್ ಅನ್ನುವ ಲೋಹದ ಸದ್ದು. ಬಿಟ್ ಮುಂದಕ್ಕೆ ಹೋಗುವುದಿಲ್ಲ, ಪುಡಿ ಬರುವುದು ನಿಲ್ಲುತ್ತದೆ, ಕೈಗೆ ಬರುವ ಅದುರು ಬೇರೆ ಥರ. ಆ ಕ್ಷಣ ನಿಲ್ಲಿಸಿ. ಒತ್ತಿ ದಾಟಿಸಲು ಹೋದರೆ ಬಿಟ್‌ನ ಕಾರ್ಬೈಡ್ ತುದಿ ಹಾರಿಹೋಗುತ್ತದೆ, ಇಲ್ಲವೇ ಕಂಬಿಯ ಅಂಚಿಗೆ ಕಚ್ಚಿಕೊಂಡು ನನಗೆ ಆದದ್ದೇ ಆಗುತ್ತದೆ. ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೊಸ ತೂತು ಕೊರೆಯಿರಿ. ಪರದೆಯ ಬ್ರಾಕೆಟ್ ಅಷ್ಟು ಸರಿದರೆ ಯಾರಿಗೂ ಕಾಣುವುದಿಲ್ಲ. ಹಳೆಯ ತೂತಿಗೆ ಸಿಮೆಂಟ್ ಕಲಸಿ ತುಂಬಿ.

ಬಿಟ್ ಒಳಗೇ ಬಿಗಿದುಕೊಂಡರೆ ಸ್ವಿಚ್ ಬಿಟ್ಟು ಪ್ಲಗ್ ಕೀಳಿ. ಮಿಷನ್ನನ್ನೇ ಸನ್ನೆಗೋಲಿನ ಹಾಗೆ ಅಲ್ಲಾಡಿಸಬೇಡಿ. ಮೂತಿಯನ್ನು ಹಿಂದಕ್ಕೆ ಎಳೆದು ಮಿಷನ್ ಬಿಡಿಸಿಕೊಳ್ಳಿ, ಬಿಟ್ ಗೋಡೆಯಲ್ಲೇ ಇರಲಿ. ಆರಿದ ಮೇಲೆ ಪೈಪ್ ರೆಂಚಿನಲ್ಲಿ ಹಿಡಿದು ತಿರುಗಿಸುತ್ತಾ ಹೊರಕ್ಕೆ ಎಳೆಯಿರಿ. ಬರದಿದ್ದರೆ ಇನ್ನೊಂದು ಸಣ್ಣ ಬಿಟ್ ಹಾಕಿ ಅದರ ಪಕ್ಕದಲ್ಲಿ ಕೊರೆದು ಸಡಿಲ ಮಾಡಿ. ಬಿಸಿ ಬಿಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೊಬ್ಬೆ ಬರುತ್ತದೆ. ನೀರಿನಲ್ಲಿ ಅದ್ದಲೂಬೇಡಿ. ಥಟ್ಟನೆ ತಣ್ಣಗಾದರೆ ಕಾರ್ಬೈಡ್ ಬಿರುಕು ಬಿಡುತ್ತದೆ.

ಕೊರೆಯುವಾಗ ಲೈಟ್ ಹೋದರೆ, ಆರ್‌ಸಿಸಿಬಿ ಬಿದ್ದರೆ, ತೂತಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ವೈರಿಗೆ ತಾಗಿದೆ ಅಂತಲೇ ಅಂದುಕೊಳ್ಳಿ. ಮೂತಿಯ ಲೋಹ ಮುಟ್ಟಬೇಡಿ, ಹಿಡಿಗಳನ್ನು ಮಾತ್ರ ಹಿಡಿದು ಬಿಟ್ ತೆಗೆಯಿರಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಮತ್ತೆ ಆನ್ ಮಾಡಿ ನೋಡೋಣ ಅನ್ನುವ ಕುತೂಹಲ ಬೇಡ.

ಟೈಲ್ಸ್, ಚಾವಣಿ, ಉಳಿ

ಟೈಲ್ಸ್ ಮೇಲೆ ಹ್ಯಾಮರ್ ಇಲ್ಲ. ವಿಟ್ರಿಫೈಡ್ ಟೈಲ್ಸಿಗೆ ಡೈಮಂಡ್ ಬಿಟ್ ಅಥವಾ ಭರ್ಜಿ ಮೊನೆಯ ಟೈಲ್ ಬಿಟ್ ಬೇಕು, ಅದಕ್ಕೆ ಮಾಮೂಲಿ ಡ್ರಿಲ್ಲೇ ಒಳ್ಳೆಯದು. ಗುರುತಿನ ಮೇಲೆ ಟೇಪ್ ಅಂಟಿಸಿದರೆ ಬಿಟ್ ಜಾರುವುದಿಲ್ಲ. ಟೈಲ್ ದಾಟಿದ ಮೇಲೆ ರೋಟರಿ ಹ್ಯಾಮರಿಗೆ ಬನ್ನಿ, ಬಿಟ್ ಟೈಲಿನ ತೂತಿನ ಅಂಚಿಗೆ ತಾಗದಂತೆ ಒಂದು ಸೈಜ್ ಚಿಕ್ಕದು ಹಾಕಿ. ರೋಟರಿ ಹ್ಯಾಮರಿಗೆ ಸಾದಾ ಚಕ್ ಸೇರಿಸುವ ಅಡಾಪ್ಟರ್ ಸಿಗುತ್ತದೆ. ಅದನ್ನು ಹಾಕಿದಾಗ ಹ್ಯಾಮರ್ ಮೋಡ್ ಹಾಕಿದರೆ ಚಕ್ ಹಾಳು.

ಚಾವಣಿ ಕೊರೆಯುವಾಗ ಪುಡಿಯೆಲ್ಲ ಮುಖಕ್ಕೇ ಬೀಳುತ್ತದೆ. ಖಾಲಿ ಮೊಸರಿನ ಕಪ್ಪಿನ ತಳಕ್ಕೆ ತೂತು ಮಾಡಿ ಬಿಟ್‌ಗೆ ಪೋಣಿಸಿ, ಬಾಯಿ ಮೇಲಕ್ಕೆ. ಪುಡಿ ಕಪ್ಪಿನಲ್ಲಿ ನಿಲ್ಲುತ್ತದೆ. ಫ್ಯಾನ್ ಹುಕ್ಕಿನಿಂದ ಸ್ವಿಚ್ ಬೋರ್ಡಿನ ಗೋಡೆಯ ಕಡೆಗೆ ಎಳೆದ ಗೆರೆಯಲ್ಲಿ ವೈರ್ ಪೈಪ್ ಇರುತ್ತದೆ, ಅದನ್ನು ಬಿಟ್ಟು ಕೊರೆಯಿರಿ. ಬಾತ್‌ರೂಮಿನ ನೆಲ ಮತ್ತು ಟೆರೇಸಿನ ನೆಲಕ್ಕೆ ಕೊರೆಯಬೇಡಿ, ವಾಟರ್‌ಪ್ರೂಫಿಂಗ್ ಹರಿದರೆ ಕೆಳಗಿನ ಮನೆಯ ಚಾವಣಿ ತೊಟ್ಟಿಕ್ಕುತ್ತದೆ. ಉಯ್ಯಾಲೆಗೆ ಪ್ಲಾಸ್ಟಿಕ್ ಪ್ಲಗ್ ಖಂಡಿತ ಬೇಡ. ಅದಕ್ಕೆ ಲೋಹದ ಆ್ಯಂಕರ್ ಬೇಕು, ಎಲ್ಲಿ ಹಾಕಬೇಕು ಅಂತ ಮನೆ ಕಟ್ಟಿದ ಎಂಜಿನಿಯರನ್ನು ಕೇಳಿ.

ಉಳಿ ಹಾಕಿ ಒಡೆಯುವ ಕೆಲಸದಲ್ಲಿ ಕೈಗೆ ಬರುವ ಅದುರು ಬೇರೆಯದೇ ಲೆಕ್ಕ. ಯುರೋಪಿನಲ್ಲಿ 2002ರ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸಕ್ಕೆ ಸರಾಸರಿ ಅದುರು 5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಬಾರದು. 15ರಷ್ಟು ಅದುರುವ ಮಿಷನ್ ಹಿಡಿದರೆ ಆ ಮಿತಿ ಸುಮಾರು 53 ನಿಮಿಷಕ್ಕೇ ಮುಗಿಯುತ್ತದೆ. ಇಡೀ ದಿನಕ್ಕೆ ಅಷ್ಟೇ! ನಮ್ಮಲ್ಲಿ ಬೆಳಗಿನಿಂದ ಸಂಜೆವರೆಗೆ ಗೋಡೆ ಒಡೆಯುವವರ ಬೆರಳು ಏನಾಗಬೇಡ? ಬೆರಳು ಜುಮ್ಮೆಂದರೆ, ಬಿಳಿಚಿಕೊಂಡರೆ ನಿಲ್ಲಿಸಿ. ಹತ್ತು ನಿಮಿಷ ಕೆಲಸ, ಹತ್ತು ನಿಮಿಷ ಬಿಡುವು. ಉಳಿಯನ್ನು ಗೋಡೆಗೆ ನೇರ ನಿಲ್ಲಿಸದೆ ಓರೆಯಾಗಿ ಹಿಡಿದು ಅಂಚಿನಿಂದ ಸಣ್ಣ ಸಣ್ಣ ಚೂರು ಎಬ್ಬಿಸಿ.

ಕೊನೆಯ ಹಂತ

ತೂತಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಅದು ನೇರ ಕಣ್ಣಿಗೆ ವಾಪಸ್ ಬರುತ್ತದೆ. ಸೈಕಲ್ ಪಂಪಿನಲ್ಲಿ ಎರಡು ಸಲ ಊದಿ, ಆಗಲೂ ಗಾಗಲ್ಸ್ ಇರಲಿ. ಪ್ಲಗ್ ಸುತ್ತಿಗೆಯ ಮೆಲ್ಲನೆಯ ಪೆಟ್ಟಿಗೆ ಗೋಡೆಯ ಮಟ್ಟಕ್ಕೆ ಕೂರಬೇಕು. ಬೆರಳಲ್ಲೇ ಜಾರಿ ಹೋದರೆ ತೂತು ದೊಡ್ಡದಾಗಿದೆ. ಬೆಂಕಿಕಡ್ಡಿ ತುರುಕಿ ಬಿಗಿ ಮಾಡುವ ಹಳೆಯ ಚಾಳಿ ಫೋಟೋಗೆ ನಡೆದೀತು, ಪಾತ್ರೆ ಷೆಲ್ಫಿಗೆ ನಡೆಯದು. ದಪ್ಪನೆಯ ಪ್ಲಗ್ ತಂದು ಅದರ ಸೈಜಿಗೆ ಕೊರೆಯಿರಿ.

ನೆಲದ ಧೂಳನ್ನು ಒಣ ಪೊರಕೆಯಲ್ಲಿ ಗುಡಿಸಿದರೆ ಮಾಸ್ಕ್ ಹಾಕಿ ತಪ್ಪಿಸಿಕೊಂಡ ಸಿಲಿಕಾವನ್ನೆಲ್ಲ ಮತ್ತೆ ಗಾಳಿಗೆ ಎಬ್ಬಿಸಿದಂತೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಿಷನ್ನಿನ ಗಾಳಿ ಕಿಂಡಿಯನ್ನು ಒಣ ಬ್ರಷ್‌ನಲ್ಲಿ ತಿಕ್ಕಿ, ಮೂತಿಯ ಧೂಳು ಒರೆಸಿ. ಬಾಡಿಗೆಯದಾದರೆ ಬಿಟ್ ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಮೂತಿಯಲ್ಲೇ ಬಿಟ್ಟು ವಾಪಸ್ ಕೊಟ್ಟು ನಾನು ಎರಡು ಬಿಟ್ ಕಳೆದುಕೊಂಡಿದ್ದೇನೆ.